ಕಾರಣ ಗೊತ್ತಾಗದ ಕಿಡ್ನಿ ಕಾಯಿಲೆಗೆ ಜೀನ್ ಪರೀಕ್ಷೆ: ಯಾರಿಗೆ, ಯಾವುದು, ರಿಪೋರ್ಟ್ ಬಂದ ಮೇಲೆ ಏನು?

ಕಾವೇರಿಕಡೆ

ಕಸಿ ಕೋಆರ್ಡಿನೇಟರ್‌ಗಳ ತರಬೇತಿಗೆಂದು ಕಟ್ಟಿದ ಮಾದರಿ ಕೇಸ್ ಇದು. ಯಾವ ನಿಜ ರೋಗಿಯದೂ ಅಲ್ಲ. ಎಲ್ಲರೂ ಇದನ್ನೇ ಇಟ್ಟುಕೊಂಡು ಮಾತಾಡಿದರೆ ಚರ್ಚೆ ಅತ್ತಿತ್ತ ಹರಿಯುವುದಿಲ್ಲ.

ಗಂಡಸು, 34 ವರ್ಷ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ತ್ಯಾಜ್ಯ, ರಕ್ತದಲ್ಲಿ ಏರಿದಷ್ಟೂ ಕಿಡ್ನಿ ಸೋತಂತೆ) 4.2. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ 8 ಸೆಂ.ಮೀ., ಕಾರ್ಟೆಕ್ಸ್ (ಹೊರಪದರ) ತೆಳು. ಸಕ್ಕರೆ ಕಾಯಿಲೆ ಇಲ್ಲ. ಬಿಪಿ ಎರಡು ವರ್ಷದಿಂದ ಈಚೆಗೆ. ಮೂತ್ರದಲ್ಲಿ ರಕ್ತ ಇಲ್ಲ, ಪ್ರೋಟೀನ್ ಟ್ರೇಸ್ ಅಷ್ಟೆ. 23ನೇ ವಯಸ್ಸಿಗೇ ಕಾಲಿನ ಹೆಬ್ಬೆರಳಿಗೆ ಗೌಟ್ (ಯೂರಿಕ್ ಆಸಿಡ್ ಹೆಚ್ಚಿ ಬರುವ ಕೀಲು ಊತ) ಬಂದಿತ್ತು. ಸೋದರಮಾವ ಡಯಾಲಿಸಿಸ್ ಮೇಲಿದ್ದು 46ಕ್ಕೆ ತೀರಿಕೊಂಡಿದ್ದಾರೆ. ಫೈಲಿನ ಮೇಲೆ ಬರೆದಿರುವುದು (ಸಿಕೆಡಿ ಅಂದರೆ ದೀರ್ಘಕಾಲದ ಕಿಡ್ನಿ ಕಾಯಿಲೆ) "ಸಿಕೆಡಿ, ಕಾರಣ ತಿಳಿದಿಲ್ಲ, ಬಹುಶಃ ಬಿಪಿಯಿಂದ". ತಾಯಿಗೆ 55, ಕಿಡ್ನಿ ಕೊಡಲು ಒಪ್ಪಿದ್ದಾರೆ, ಕ್ರಿಯಾಟಿನಿನ್ 1.1, ಲ್ಯಾಬ್ ಷೀಟಿನಲ್ಲಿ "ನಾರ್ಮಲ್". ತಂಗಿಗೆ 29, ಕ್ರಿಯಾಟಿನಿನ್ 0.9. ಹೆಂಡತಿಯ ರಕ್ತದ ಗುಂಪು ಹೊಂದುವುದಿಲ್ಲ.

ಜೀನ್ ಪರೀಕ್ಷೆ ಬೇಕೇ? ಬೇಕಾದರೆ ಯಾವುದು? ತಾಯಿ ಕೊಡಬಹುದೇ?

ನೆಫ್ರಾನ್_ಮೈಸೂರು

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದೇ ಎಲ್ಲಕ್ಕಿಂತ ತುರ್ತಿನದು. 55 ವರ್ಷದ ಹೆಂಗಸಿಗೆ ಕ್ರಿಯಾಟಿನಿನ್ 1.1 ಅಂದರೆ ನಾರ್ಮಲ್ ಅಲ್ಲ. 2021ರ ಸಿಕೆಡಿ-ಎಪಿ ಸೂತ್ರಕ್ಕೆ ಹಾಕಿ ನೋಡಿ, ಇಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆಂಬ ಅಂದಾಜು) 59ರ ಆಸುಪಾಸು ಬರುತ್ತದೆ. 2017ರ ಕೆಡಿಗೋ (ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಸಂಸ್ಥೆ) ದಾನಿ ಮಾರ್ಗಸೂಚಿ ಪ್ರಕಾರ 90 ಮತ್ತು ಮೇಲೆ ಇದ್ದರೆ ಸರಿ, 60ರಿಂದ 89 ಇದ್ದರೆ ಒಬ್ಬೊಬ್ಬರನ್ನೂ ಬೇರೆಯಾಗಿ ತೂಗಿ ನೋಡಬೇಕು, 60ಕ್ಕಿಂತ ಕೆಳಗಿದ್ದರೆ ದಾನ ಬೇಡ. ಹಲವು ಲ್ಯಾಬ್‌ಗಳಲ್ಲಿ ಉಲ್ಲೇಖ ಮಿತಿ ಗಂಡಸರಿಗೂ ಹೆಂಗಸರಿಗೂ ಎಲ್ಲ ವಯಸ್ಸಿಗೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ಎಡವುವುದು ಅಲ್ಲೇ. ಸಿಸ್ಟಾಟಿನ್-ಸಿ ಎಂಬ ಇನ್ನೊಂದು ರಕ್ತ ಪರೀಕ್ಷೆ ಮಾಡಿಸಿ. ಆಗುವುದಾದರೆ ಡಿಟಿಪಿಎ ಸ್ಕ್ಯಾನಿನಲ್ಲಿ ಅಳೆದ ಜಿಎಫ್‌ಆರ್ ತೆಗೆದುಕೊಳ್ಳಿ. ಮಗನ ಕಾಯಿಲೆಯ ಹೆಸರು ಗೊತ್ತಾಗುವವರೆಗೆ ತಾಯಿಯ ದಾನಿ ಫೈಲ್ ಮುಂದೆ ಹೋಗಬಾರದು.

ಇನ್ನು "ಬಹುಶಃ ಬಿಪಿಯಿಂದ" ಅನ್ನುವುದು. ಕಿಡ್ನಿ ಹಾಳಾದರೂ ಬಿಪಿ ಏರುತ್ತದೆ. ಎರಡು ವರ್ಷದ ಬಿಪಿ 34ನೇ ವಯಸ್ಸಿಗೆ ಎರಡೂ ಕಿಡ್ನಿಯನ್ನು 8 ಸೆಂ.ಮೀ.ಗೆ ಕುಗ್ಗಿಸುವುದಿಲ್ಲ. ಇಂಥ ಕಿಡ್ನಿಗೆ ಬಯಾಪ್ಸಿ ಮಾಡಿದರೆ ರಕ್ತಸ್ರಾವದ ಅಪಾಯ ಜಾಸ್ತಿ, ಸಿಗುವುದು ಗಾಯದ ಕಲೆ ಮಾತ್ರ. 2012ರಲ್ಲಿ ಪ್ರಕಟವಾದ ಭಾರತೀಯ ಸಿಕೆಡಿ ನೋಂದಣಿಯಲ್ಲಿ 52,273 ರೋಗಿಗಳಿದ್ದರು, ಶೇ 16ರಷ್ಟು ಜನರಿಗೆ ಕಾರಣವೇ ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ನಂತರದ ಅತಿ ದೊಡ್ಡ ಗುಂಪು ಅದೇ. ಅವರಲ್ಲಿ ಒಂದು ಪಾಲಿಗೆ ಉತ್ತರ ಜೀನ್‌ನಲ್ಲಿ ಸಿಗುತ್ತದೆ.

ಮಲೆನಾಡ_ಓದುಗ

ಕಾರಣ ಗೊತ್ತಿಲ್ಲದ ಸಿಕೆಡಿ ಅಂದರೆ ಆಂಧ್ರದ ಶ್ರೀಕಾಕುಳಂನ ಉದ್ದಾನಂ ಕಡೆಯದ್ದಲ್ಲವೇ? ಅಲ್ಲಿನವರಿಗೂ ಈ ಪರೀಕ್ಷೆ ಮಾಡಬೇಕೆಂದು ಹೇಳುತ್ತಿದ್ದೀರಾ?

ಜೀನ್‌ಮಾತು

ಒಳ್ಳೆಯದಾಯಿತು ಕೇಳಿದ್ದು ಸರ್, ಎರಡಕ್ಕೂ ಒಂದೇ ಹೆಸರು ಬಳಸಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಉದ್ದಾನಂ, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ, ಎಲ್ ಸಾಲ್ವಡಾರ್, ನಿಕರಾಗುವಾ ಇಲ್ಲೆಲ್ಲ ಕಾಣುವ ಸಿಕೆಡಿಯು ಒಂದು ಪ್ರದೇಶದ ಕಾಯಿಲೆ. ಬಿಸಿಲಲ್ಲಿ ದುಡಿಯುವ ರೈತರು, ಕೂಲಿಯವರು, ಊರಿಗೆ ಊರೇ. ಅಲ್ಲಿ ಮೊದಲು ನೋಡಬೇಕಾದ್ದು ಬಿಸಿಲು, ನಿರ್ಜಲೀಕರಣ, ಕುಡಿಯುವ ನೀರು, ಕೃಷಿ ರಾಸಾಯನಿಕ. ನಾವಿಲ್ಲಿ ಹೇಳುತ್ತಿರುವುದು ಒಬ್ಬ ರೋಗಿಯ ಫೈಲಿನಲ್ಲಿ ಕಾರಣದ ಜಾಗ ಖಾಲಿ ಇರುವುದನ್ನು. ಆದರೆ ಒಂದು ಮಾತು: ಉದ್ದಾನಂ ಕಡೆಯವರೆಂದ ಮಾತ್ರಕ್ಕೆ ಮನೆಯಲ್ಲಿ ಮೂರು ತಲೆಮಾರು ಡಯಾಲಿಸಿಸ್ ಕಂಡವರನ್ನು "ನೀರಿನಿಂದ" ಎಂದು ಕಳಿಸಿಬಿಡುವುದೂ ತಪ್ಪು.

ಯಾರಿಗೆ ಮಾಡಿಸಬೇಕು ಅನ್ನುವುದಕ್ಕೆ 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂದ ಕೊಲಂಬಿಯಾ ತಂಡದ ಅಧ್ಯಯನ ಒಳ್ಳೆಯ ಅಳತೆಗೋಲು. 3,315 ಸಿಕೆಡಿ ರೋಗಿಗಳ ಎಕ್ಸೋಮ್ (ಎಲ್ಲ ಜೀನ್‌ಗಳಲ್ಲಿ ಪ್ರೋಟೀನ್ ತಯಾರಿಸುವ ಭಾಗ) ಓದಿದರು. 307 ಜನರಲ್ಲಿ, ಅಂದರೆ ಶೇ 9.3ರಲ್ಲಿ, ಒಂದೇ ಜೀನ್‌ನಿಂದ ಬರುವ ಕಾಯಿಲೆ ಸಿಕ್ಕಿತು. ಕಾರಣ ಗೊತ್ತಿಲ್ಲದ 281 ಜನರನ್ನು ಮಾತ್ರ ತೆಗೆದುಕೊಂಡರೆ ಅದು ಶೇ 17.1. ಸಿಕ್ಕ ಕಾಯಿಲೆಗಳು 66 ಬಗೆಯವು, ಅವುಗಳಲ್ಲಿ 39 ಬಗೆ ಒಬ್ಬೊಬ್ಬರಲ್ಲೇ ಕಂಡವು. ಅದಕ್ಕೇ ಒಂದೊಂದೇ ಜೀನ್ ಊಹಿಸಿ ಪರೀಕ್ಷೆ ಮಾಡುವ ಹಳೇ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಸ್ಟೀರಾಯ್ಡ್‌ಗೆ ಬಗ್ಗದ ನೆಫ್ರೋಟಿಕ್ (ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದುವ ಕಾಯಿಲೆ) 25 ವರ್ಷದೊಳಗೆ ಶುರುವಾಗಿದ್ದರೆ ಫಲ ಇನ್ನೂ ಜಾಸ್ತಿ: 2015ರ ಒಂದು ದೊಡ್ಡ ಅಧ್ಯಯನದಲ್ಲಿ 1,783 ಕುಟುಂಬಗಳ ಪೈಕಿ ಶೇ 29.5.

ವಂಶಾವಳಿ ಬರೆಯುವಾಗ "ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ ಇತ್ತಾ?" ಎಂದರೆ "ಇಲ್ಲ" ಅನ್ನುತ್ತಾರೆ, ಮುಗಿಯಿತು. ಬಿಡಿಸಿ ಕೇಳಬೇಕು. ಯಾರಾದರೂ ಮುಖ, ಕಾಲು ಊದಿಕೊಂಡು ಹೋದರಾ? ಚಿಕ್ಕ ವಯಸ್ಸಿಗೇ ಕಿವಿ ಮಂದವಾಯಿತಾ? ಎಳೆ ವಯಸ್ಸಿಗೆ ಕೀಲು ಹಿಡಿದು ಊದುತ್ತಿತ್ತಾ? ಪದೇ ಪದೇ ಕಲ್ಲು? ಇರುಳುಗಣ್ಣು? ಮಗುವಾಗಿದ್ದಾಗ ಲೀಟರ್‌ಗಟ್ಟಲೆ ನೀರು ಕುಡಿದು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದರಾ? ಆಮೇಲೆ ಮದುವೆ. ನಮ್ಮ ಕಡೆ ಸೋದರಿಕೆ ಸಾಮಾನ್ಯ. "ಸಂಬಂಧದಲ್ಲೇ ಆಗಿದ್ದೀರಾ?" ಎಂದರೆ ಅರ್ಧ ಉತ್ತರ ಬರುತ್ತದೆ. "ಅಕ್ಕನ ಮಗಳಾ, ಅತ್ತೆಯ ಮಗಳಾ, ಮಾವನ ಮಗಳಾ?" ಎಂದು ಕೇಳಿದರೆ ಪೂರ್ತಿ ಬರುತ್ತದೆ. ಅಕ್ಕನ ಮಗಳನ್ನು ಮದುವೆಯಾದವರ ಮಕ್ಕಳಲ್ಲಿ ಎಂಟರಲ್ಲಿ ಒಂದು ಪಾಲು ಜೀನ್‌ಗಳು ಎರಡೂ ಕಡೆಯಿಂದ ಒಂದೇ ಪ್ರತಿಯಾಗಿ ಬಂದಿರುತ್ತವೆ, ಅತ್ತೆ-ಮಾವನ ಮಕ್ಕಳಾದರೆ ಹದಿನಾರರಲ್ಲಿ ಒಂದು. ನೆಫ್ರೊನೊಫ್ತಿಸಿಸ್, ಪ್ರೈಮರಿ ಹೈಪರ್‌ಆಕ್ಸಲೂರಿಯಾ, ಸಿಸ್ಟಿನೋಸಿಸ್ ಎಂಬ ಕಾಯಿಲೆಗಳೆಲ್ಲ ಹೀಗೆ ಎರಡೂ ಪ್ರತಿ ಕೆಟ್ಟಾಗ ಬರುವಂಥವು.

ಈ ಕೇಸಿನಲ್ಲಿ ಮಾತ್ರ ದಾರಿ ಬೇರೆ. ಮಾವನಿಗೂ ಅಳಿಯನಿಗೂ ಇದೆ, ನಡುವೆ ತಾಯಿ ನಿಂತಿದ್ದಾರೆ. ಮೂತ್ರ ಸಪ್ಪೆ (ರಕ್ತ ಇಲ್ಲ, ಪ್ರೋಟೀನ್ ಇಲ್ಲವೆನ್ನುವಷ್ಟು), ಗೌಟ್ ಬೇಗ, ಕಿಡ್ನಿ ಚಿಕ್ಕದು. ಎಡಿಟಿಕೆಡಿ (ಕಿಡ್ನಿಯ ನಾಳಗಳನ್ನು ನಿಧಾನವಾಗಿ ಹಾಳು ಮಾಡುವ ವಂಶವಾಹಿ ಕಾಯಿಲೆಗಳು) ಎಂದು ಕರೆಯುವ ಗುಂಪಿನ ಚಿತ್ರ ಇದು. ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಪ್ರತಿ ಮಗುವಿಗೂ ಶೇ 50 ಸಾಧ್ಯತೆ.

ಕಾವೇರಿಕಡೆ

ಹಾಗಾದರೆ ನೇರ ಎಕ್ಸೋಮ್‌ಗೆ ಕಳಿಸಿದರೆ ಸಾಕಲ್ಲವೇ ಮೇಡಂ? 20,000 ಜೀನ್ ಓದುವಾಗ ಇದೂ ಸಿಗಬೇಕಲ್ಲ.

ಜೀನ್‌ಮಾತು

ಇಲ್ಲಿಯೇ ಹೆಚ್ಚಿನವರು ದಾರಿ ತಪ್ಪುವುದು, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಎಡಿಟಿಕೆಡಿಯಲ್ಲಿ ಮುಖ್ಯ ಜೀನ್‌ಗಳು ಎರಡು. ಒಂದು ಯುಎಂಒಡಿ. ಇದರ ಹೆಚ್ಚಿನ ದೋಷಗಳು 3 ಮತ್ತು 4ನೇ ಎಕ್ಸಾನ್‌ನಲ್ಲಿ (ಜೀನ್‌ನ ತುಂಡಿನಲ್ಲಿ) ಬರುತ್ತವೆ. ಪ್ಯಾನೆಲ್ (ಆಯ್ದ ಜೀನ್‌ಗಳ ಗುಂಪು), ಎಕ್ಸೋಮ್, ಸ್ಯಾಂಗರ್ (ಒಂದೊಂದೇ ಜಾಗ ಓದುವ ವಿಧಾನ) ಯಾವುದರಲ್ಲಾದರೂ ಸಿಗುತ್ತದೆ. ಇಷ್ಟು ಬೇಗ ಗೌಟ್ ಬಂದಿರುವುದರಿಂದ ಈ ಹುಡುಗನಲ್ಲಿ ಮೊದಲ ಅನುಮಾನ ಇದರ ಮೇಲೆಯೇ.

ಇನ್ನೊಂದು ಎಂಯುಸಿ1. ಈ ಜೀನ್‌ನ ಒಳಗೆ 60 ಡಿಎನ್‌ಎ ಅಕ್ಷರದ (ಎ, ಸಿ, ಜಿ, ಟಿ) ಒಂದೇ ಸಾಲು 20ರಿಂದ 125 ಸಲ ಬೆನ್ನಿಗೆ ಬೆನ್ನು ಬರುತ್ತದೆ. ಪ್ರತಿ ಸಾಲಿನಲ್ಲೂ ಏಳು "ಸಿ" ಒಟ್ಟಿಗೆ ಇರುತ್ತವೆ. ಎಲ್ಲೋ ಒಂದು ಸಾಲಿನಲ್ಲಿ ಏಳರ ಬದಲು ಎಂಟು "ಸಿ" ಆದರೆ ಅಲ್ಲಿಂದ ಮುಂದಿನ ಓದೆಲ್ಲ ತಪ್ಪಿ, ತಪ್ಪು ಪ್ರೋಟೀನ್ ತಯಾರಾಗಿ ಕಿಡ್ನಿ ನಾಳದ ಕೋಶದೊಳಗೇ ಸೇರಿಕೊಳ್ಳುತ್ತದೆ. ಎಕ್ಸೋಮ್ ಯಂತ್ರ ಡಿಎನ್‌ಎಯನ್ನು ಸುಮಾರು 150 ಅಕ್ಷರದ ತುಂಡುಗಳಾಗಿ ಓದುತ್ತದೆ. ಒಂದೇ ಮಾತು ನೂರು ಸಲ ಬರೆದ ಪುಟವನ್ನು ಚೂರು ಚೂರು ಹರಿದರೆ ಯಾವ ಚೂರು ಎಲ್ಲಿಯದೆಂದು ಹೇಗೆ ಹೇಳುವುದು? ಕಾಗುಣಿತ ತಪ್ಪಿದ ಒಂದು ಸಾಲು ಆ ರಾಶಿಯಲ್ಲಿ ಮುಳುಗಿಹೋಗುತ್ತದೆ. ಈ ದೋಷವನ್ನು 2013ರವರೆಗೆ ಯಾರೂ ಹಿಡಿಯಲಾಗಲಿಲ್ಲ. ಹಿಡಿಯಲು ಬೇರೆ ಪರೀಕ್ಷೆಯೇ ಬೇಕು: ಎಂವೋ1 ಎಂಬ ಕಿಣ್ವದಿಂದ ಸರಿಯಿರುವ ಸಾಲುಗಳನ್ನು ಕತ್ತರಿಸಿಹಾಕಿ, ಉಳಿದ ಕೆಟ್ಟ ಸಾಲಿನಲ್ಲಿ ಹೆಚ್ಚುವರಿ "ಸಿ" ಇದೆಯೇ ಎಂದು ಓದುವ ವಿಧಾನ. ಇದನ್ನು ಮಾಡುವ ಲ್ಯಾಬ್‌ಗಳು ಕೆಲವೇ, ಕೇಳಿ ಮಾಡಿಸಬೇಕು. ವಿಎನ್‌ಟೈಪರ್ ಎಂಬ ಸಾಫ್ಟ್‌ವೇರ್ ಎಕ್ಸೋಮ್ ಡೇಟಾದಲ್ಲೇ ಇದನ್ನು ಹುಡುಕಲು ನೋಡುತ್ತದೆ. ಅನುಮಾನ ಹುಟ್ಟಿಸುವ ಮಟ್ಟಿಗೆ ಉಪಯೋಗ, ಖಚಿತಪಡಿಸಲು ಬೇರೆ ವಿಧಾನ ಬೇಕೇ ಬೇಕು.

ಹಾಗಾಗಿ ಈ ಹುಡುಗನ ಎಕ್ಸೋಮ್ "ನೆಗೆಟಿವ್" ಎಂದು ಬಂದರೆ ಅದರ ಅರ್ಥ "ವಂಶವಾಹಿ ಕಾಯಿಲೆ ಅಲ್ಲ" ಎಂದಲ್ಲ, "ಎಂಯುಸಿ1 ಇನ್ನೂ ನೋಡಿಲ್ಲ" ಎಂದು. ಆ ಒಂದು ಹಾಳೆ ತೋರಿಸಿ ತಾಯಿಯನ್ನು ದಾನಿಯಾಗಿ ಒಪ್ಪಿಸಿದರೆ ಅನಾಹುತ.

ಪೈಪೆಟ್_ಹುಬ್ಬಳ್ಳಿ

ಮೇಡಂ ಹೇಳಿದ್ದು ಖರೇ ಅದ. ಎಕ್ಸೋಮ್ ಕಣ್ಣಿಗೆ ಬೀಳಲಾರದ್ದು ಇನ್ನೂ ಎರಡ ಅವ, ಬರಕೊಳ್ರಿ.

ಪಿಕೆಡಿ1. ಕಿಡ್ನಿ ತುಂಬ ಗುಳ್ಳಿ ಆಗೂ ಕಾಯಿಲೆದ್ದು, 46 ಎಕ್ಸಾನ್ ಇದ್ದ ದೊಡ್ಡ ಜೀನ್. ಮೊದಲಿನ 33 ಎಕ್ಸಾನಿನ ಭಾಗದ್ದ ನಕಲು ಅದ ಕ್ರೋಮೋಸೋಮ್ 16ರಾಗ ಆರು ಕಡೆ ಅದ. ಯಂತ್ರ ನಕಲು ಓದಿ ಅಸಲು ಅಂತ ತಿಳಕೋತದ, ಇಲ್ಲಾ ಅಸಲಿನ ದೋಷ ನಕಲಿನ ಲೆಕ್ಕಕ್ಕ ಹಾಕ್ತದ. ಕಿಡ್ನಿ ತುಂಬ ಗುಳ್ಳಿ ಇದ್ದು ಎಕ್ಸೋಮ್ ನೆಗೆಟಿವ್ ಬಂದ್ರ ಲಾಂಗ್-ರೇಂಜ್ ಪಿಸಿಆರ್ (ಅಸಲು ಜೀನಿನ ಉದ್ದನ ತುಣುಕಿನ ಪ್ರತಿ ತಗಿಯೂ ವಿಧಾನ) ಮಾಡಿ ಪಿಕೆಡಿ1 ಬ್ಯಾರೆ ಓದಸ್ರಿ.

ಎನ್‌ಪಿಎಚ್‌ಪಿ1, ನೆಫ್ರೊನೊಫ್ತಿಸಿಸ್ ತರೂ ಜೀನ್. ಇಲ್ಲಿ ಒಂದಕ್ಷರ ತಪ್ಪೂದಲ್ಲ, ಇಡೀ ಜೀನೇ ಎರಡೂ ಕಡೆ ಹಾರಿ ಹೋಗಿರ್ತದ. ಲ್ಯಾಬ್‌ನವರು ಸಿಎನ್‌ವಿ, ಅಂದ್ರ ತುಣುಕು ಕಡಿಮಿ-ಹೆಚ್ಚು ಆಗಿದ್ದು ಎಣಸಿದ್ರ ಅಷ್ಟ ಸಿಗ್ತದ. "ಸಿಎನ್‌ವಿ ನೋಡೀರೇನು?" ಅಂತ ಫೋನ್ ಮಾಡಿ ಕೇಳ್ರಿ. ನೋಡಿಲ್ಲಂದ್ರ ಎಂಎಲ್‌ಪಿಎ, ಅಂದ್ರ ತುಣುಕು ಎಣಸೂ ಪರೀಕ್ಷೆ ಮಾಡಸ್ರಿ. ಇದು ಹುಡುಗರ ಕಾಯಿಲೆ ಅಂತ ಪುಸ್ತಕದಾಗ ಇರ್ತದ, ಆದ್ರ 2018ರಾಗ ಒಂದು ಅಧ್ಯಯನ ದೊಡ್ಡವರಾದ ಮ್ಯಾಲೆ ಕಿಡ್ನಿ ಕೈಕೊಟ್ಟವರಾಗೂ ಶೇ 0.5 ಮಂದಿಗೆ ಇದ ಕಾರಣ ಅಂತ ತೋರಿಸ್ತು. ಎಚ್‌ಎನ್‌ಎಫ್1ಬಿ ಜೀನಿಂದೂ ಇದ ಕಥಿ, ಅರ್ಧ ಮಂದಿಗೆ ಇಡೀ ತುಣುಕೇ ಇರೂದಿಲ್ಲ. ಸಣ್ಣ ವಯಸ್ಸಿನ ಸಕ್ಕರಿ ಕಾಯಿಲೆ, ಮ್ಯಾಗ್ನೀಸಿಯಂ ಕಡಿಮಿ, ಕಿಡ್ನ್ಯಾಗ ಗುಳ್ಳಿ ಕಂಡ್ರ ಅದರ ಕಡೆ ನೋಡ್ರಿ.

ಈಗ ಸ್ಯಾಂಪಲ್. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, 3-4 ಎಂಎಲ್. ರಕ್ತ ತುಂಬಿದ ಕೂಡ್ಲೆ ಎಂಟ್ಹತ್ತು ಸಲ ಮೆಲ್ಲಕ ತಲಿಕೆಳಗ ಮಾಡ್ರಿ, ಜೋರ್ ಅಳ್ಳಾಡಸಬ್ಯಾಡ್ರಿ. ಹೆಪ್ಪುಗಟ್ಟಿದ್ರ ಡಿಎನ್‌ಎ ಕಡಿಮಿ ಸಿಗ್ತದ. ಫ್ರೀಜರಿನಾಗ ಇಡಬ್ಯಾಡ್ರಿ, ಕೋಶ ಒಡೀತಾವ. ಒಂದೆರಡು ದಿನದಾಗ ಲ್ಯಾಬ್ ಮುಟ್ಟೂದಿದ್ರ ಹೊರಗಿಟ್ರೂ ನಡೀತದ, ತಡಾ ಆಗ್ತದಂದ್ರ 2ರಿಂದ 8 ಡಿಗ್ರಿ ಫ್ರಿಜ್ಜಿನಾಗ. ಹಸರು ಮುಚ್ಚಳದ ಹೆಪಾರಿನ್ ಟ್ಯೂಬ್ ಕಳಸಬ್ಯಾಡ್ರಿ, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂಗ ಮಾಡೂ ಔಷಧಿ) ಪಿಸಿಆರ್ ತಡೀತದ.

ಡಯಾಲಿಸಿಸ್_ಶಿಫ್ಟ್2

ಹೆಪಾರಿನ್ ಮಾತು ಬಂತಲ್ಲ, ಅದಕ್ಕೆ ಸೇರಿಸುತ್ತೇನೆ. ಡಯಾಲಿಸಿಸ್ ರೋಗಿಯ ರಕ್ತ ತೆಗೆಯುವುದಾದರೆ ಫಿಸ್ಟುಲಾಗೆ (ಡಯಾಲಿಸಿಸ್‌ಗೆಂದು ಕೈಯಲ್ಲಿ ಜೋಡಿಸಿದ ರಕ್ತನಾಳಕ್ಕೆ) ಸೂಜಿ ಹಾಕಿದ ತಕ್ಷಣ, ಹೆಪಾರಿನ್ ಕೊಡುವ ಮೊದಲೇ ತೆಗೆಯಬೇಕು. ಕತ್ತಿನ ಕ್ಯಾಥೆಟರ್ ಇದ್ದರೆ ಒಳಗೆ ತುಂಬಿಟ್ಟ ಹೆಪಾರಿನ್ ಲಾಕನ್ನು ಮೊದಲು ಎಳೆದು ಚೆಲ್ಲಿ, ಆಮೇಲೆ ಬರುವ ರಕ್ತವನ್ನು ಟ್ಯೂಬಿಗೆ ಹಾಕಿ. ನಡುವೆ ಲೈನಿನಿಂದ ತೆಗೆದು ಕಳಿಸಿದ ಸ್ಯಾಂಪಲ್ "ಫೇಲ್" ಎಂದು ವಾಪಸ್ ಬರಬಹುದು, ರೋಗಿ ವಾರಗಟ್ಟಲೆ ಸುಮ್ಮನೆ ಕಾಯುತ್ತಾರೆ.

ರಕ್ತ ಹಾಕಿಸಿಕೊಂಡಿದ್ದರೆ ದಿನಾಂಕ ಫಾರಂನಲ್ಲಿ ಬರೆಯಿರಿ. ಎಷ್ಟು ದಿನ ಬಿಟ್ಟು ಸ್ಯಾಂಪಲ್ ಕೊಡಬೇಕೆಂದು ಲ್ಯಾಬ್‌ನವರನ್ನೇ ಕೇಳಿ, ಸಾಮಾನ್ಯವಾಗಿ ಎರಡು ವಾರ ಬಿಡುತ್ತಾರೆ. ಕಿಡ್ನಿ ಕಸಿ ಆಗಿದ್ದರೆ ರಕ್ತದ ಡಿಎನ್‌ಎ ರೋಗಿಯದೇ ಇರುತ್ತದೆ, ಏನೂ ತೊಂದರೆ ಇಲ್ಲ. ಮೂತ್ರದಲ್ಲಿ ಮಾತ್ರ ದಾನಿಯ ಕೋಶಗಳು ಬರುತ್ತವೆ, ಮೂತ್ರದಿಂದ ಡಿಎನ್‌ಎ ತೆಗೆಯಬಾರದು. ಅಸ್ಥಿಮಜ್ಜೆ ಕಸಿ ಆದವರಲ್ಲಿ ರಕ್ತವೇ ದಾನಿಯದ್ದಾಗಿರುತ್ತದೆ. ಅವರಿಗೆ ಚರ್ಮದ ತುಣುಕಿನಿಂದ ಕೋಶ ಬೆಳೆಸಿ ಡಿಎನ್‌ಎ ತೆಗೆಯುತ್ತಾರೆ.

ನೆಫ್ರಾನ್_ಮೈಸೂರು

ಜೀನ್‌ಗೆ ಕಳಿಸುವ ಮೊದಲು ಸಾವಿರ ರೂಪಾಯಿಯೊಳಗೆ ಒಂದು ಸುಳಿವು ಸಿಗುತ್ತದೆ, ಅದನ್ನು ಬಿಡಬೇಡಿ: ಮೂತ್ರದಲ್ಲಿ ಯೂರಿಕ್ ಆಸಿಡ್ ಎಷ್ಟು ಹೊರಹೋಗುತ್ತಿದೆ ಎಂಬ ಲೆಕ್ಕ. ಒಂದೇ ಹೊತ್ತಿನಲ್ಲಿ ತೆಗೆದ ರಕ್ತ ಮತ್ತು ಮೂತ್ರ ಸಾಕು, 24 ಗಂಟೆಯ ಸಂಗ್ರಹ ಬೇಡ. ಮೂತ್ರದ ಯೂರಿಕ್ ಆಸಿಡ್ ಗುಣಿಸು ರಕ್ತದ ಕ್ರಿಯಾಟಿನಿನ್. ಅದನ್ನು ರಕ್ತದ ಯೂರಿಕ್ ಆಸಿಡ್ ಗುಣಿಸು ಮೂತ್ರದ ಕ್ರಿಯಾಟಿನಿನ್‌ನಿಂದ ಭಾಗಿಸಿ, ನೂರರಿಂದ ಗುಣಿಸಿ.

ಈ ಹುಡುಗನಲ್ಲೇ ಇದನ್ನು ಮಾಡಿದರೆ ಪ್ರಯೋಜನವಿಲ್ಲ. ಕಿಡ್ನಿ ಇಷ್ಟು ಸೋತ ಮೇಲೆ ಆ ಶೇಕಡಾ ತಾನಾಗಿ ಏರುತ್ತದೆ, ನಾರ್ಮಲ್ ಎಂದು ಮೋಸ ಮಾಡುತ್ತದೆ. ತಂಗಿಯಲ್ಲಿ ಮಾಡಿ. ಕಿಡ್ನಿ ಇನ್ನೂ ಗಟ್ಟಿ ಇರುವ ಸಂಬಂಧಿಯಲ್ಲೇ ಇದು ಮಾತಾಡುವುದು. ಉದಾಹರಣೆಗೆ ಅವಳ ರಕ್ತದ ಯೂರಿಕ್ ಆಸಿಡ್ 7.5, ಕ್ರಿಯಾಟಿನಿನ್ 0.9, ಮೂತ್ರದ ಯೂರಿಕ್ ಆಸಿಡ್ 25, ಮೂತ್ರದ ಕ್ರಿಯಾಟಿನಿನ್ 75 ಇದೆ ಅನ್ನಿ. 22.5ನ್ನು 562.5ರಿಂದ ಭಾಗಿಸಿದರೆ ಶೇ 4. ಶೇ 5ಕ್ಕಿಂತ ಕೆಳಗೆ ಬಂದರೆ ಯುಎಂಒಡಿ ಅನುಮಾನ ಗಟ್ಟಿಯಾಗುತ್ತದೆ. ಥಯಾಜೈಡ್ ಮಾತ್ರೆ ಅಥವಾ ಟಿಬಿಯ ಪೈರಜಿನಮೈಡ್ ತೆಗೆದುಕೊಳ್ಳುತ್ತಿದ್ದರೆ ಲೆಕ್ಕ ಕೆಡುತ್ತದೆ, ಎರಡೂ ಯೂರಿಕ್ ಆಸಿಡನ್ನು ಒಳಗೇ ಹಿಡಿದಿಡುತ್ತವೆ.

ಮಲೆನಾಡ_ಓದುಗ

ಇದೆಲ್ಲ ಸರಿ. ಆದರೆ ಎಡಿಟಿಕೆಡಿಗೆ ಔಷಧಿಯೇ ಇಲ್ಲವಲ್ಲ. ಹೆಸರು ತಿಳಿದು ರೋಗಿಗೆ ಏನು ಸಿಕ್ಕಿತು? ಅಷ್ಟು ಸಾವಿರ ಖರ್ಚು ಮಾಡಿಸಲು ಹೇಗೆ ಹೇಳುವುದು?

ನೆಫ್ರಾನ್_ಮೈಸೂರು

ಈ ಪ್ರಶ್ನೆಯನ್ನು ಕೇಳಲೇಬೇಕು, ಕೇಳದೆ ಪರೀಕ್ಷೆ ಬರೆದುಕೊಡುವುದು ತಪ್ಪು. ಈ ಹುಡುಗನಿಗೆ ಸಿಗುವುದು ಇಷ್ಟು: ತಾಯಿ ಒಂದು ಕಿಡ್ನಿ ಕೊಟ್ಟು ಇನ್ನೊಂದರಲ್ಲಿ ತಾವೇ ಡಯಾಲಿಸಿಸ್‌ಗೆ ಬರುವುದು ತಪ್ಪುತ್ತದೆ. ಕಾಯಿಲೆ ಕಸಿ ಮಾಡಿದ ಕಿಡ್ನಿಗೆ ಮರಳುವುದಿಲ್ಲ ಎಂಬುದು ಗೊತ್ತಾಗುತ್ತದೆ. ಗೌಟ್‌ಗೆ ನೋವಿನ ಮಾತ್ರೆ ನುಂಗುತ್ತಿದ್ದರೆ ನಿಲ್ಲಿಸಿ ಅಲೋಪ್ಯೂರಿನಾಲ್ ಮೇಲಿಡಬಹುದು. ಕಾರಣವಿಲ್ಲದೆ ಸ್ಟೀರಾಯ್ಡ್ ಕೊಡುವುದು ನಿಲ್ಲುತ್ತದೆ.

ಬೇರೆ ಕಾಯಿಲೆಗಳಲ್ಲಿ ಹೆಸರಿಗೆ ಇನ್ನೂ ಹೆಚ್ಚಿನ ಬೆಲೆ ಇದೆ. ಎಪಿಆರ್‌ಟಿ ಎಂಬ ಕಿಣ್ವದ ಕೊರತೆ ನೋಡಿ. ಕಲ್ಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಯೂರಿಕ್ ಆಸಿಡ್ ಕಲ್ಲು ಎಂದುಕೊಳ್ಳುತ್ತಾರೆ. ಮೂತ್ರದಲ್ಲಿ ಕಂದು ಬಣ್ಣದ ದುಂಡು ಹರಳು, ಪೋಲರೈಸ್ಡ್ ಬೆಳಕಿನಲ್ಲಿ ನೋಡಿದರೆ ನಡುವೆ ಶಿಲುಬೆ. ಹಿಡಿದರೆ ದಿನಾ ಅಲೋಪ್ಯೂರಿನಾಲ್ ಸಾಕು. ಹಿಡಿಯದೆ ಕಸಿ ಮಾಡಿದರೆ ಹೊಸ ಕಿಡ್ನಿಯೂ ಅದೇ ಹರಳಿನಿಂದ ಕಟ್ಟಿಕೊಳ್ಳುತ್ತದೆ. ಅಗ್ಗದ ಮಾತ್ರೆಯೊಂದು ಉಳಿಸಬಹುದಾಗಿದ್ದ ಕಿಡ್ನಿ ಅದು.

ಪ್ರೈಮರಿ ಹೈಪರ್‌ಆಕ್ಸಲೂರಿಯಾ (ಮೈಯಲ್ಲಿ ಆಕ್ಸಲೇಟ್ ಅತಿಯಾಗಿ ತಯಾರಾಗುವ ಕಾಯಿಲೆ) ಮೊದಲ ಬಗೆಯೂ ಹಾಗೇ. ದೋಷ ಇರುವುದು ಲಿವರಿನಲ್ಲಿ. ಮೂಲಕ್ಕೆ ಚಿಕಿತ್ಸೆ ಕೊಡದೆ ಕಿಡ್ನಿಯೊಂದನ್ನೇ ಹಾಕಿದರೆ ಆಕ್ಸಲೇಟ್ ಅದನ್ನೂ ಹಾಳು ಮಾಡುತ್ತದೆ. ಎಜಿಎಕ್ಸ್‌ಟಿ ಜೀನ್‌ನಲ್ಲಿ ಯಾವ ವೇರಿಯಂಟ್ (ಡಿಎನ್‌ಎ ಬದಲಾವಣೆ) ಎಂಬುದೂ ಮುಖ್ಯ, 170ನೇ ಗ್ಲೈಸಿನ್ ಅರ್ಜಿನೈನ್ ಆಗಿದ್ದರೆ ಬಿ6 ವಿಟಮಿನ್ನಿಗೇ ಸ್ಪಂದಿಸಬಹುದು. ಲುಮಾಸಿರಾನ್ ಇದಕ್ಕೆಂದು ಅಮೆರಿಕ, ಯುರೋಪಿನಲ್ಲಿ 2020ರಲ್ಲಿ ಒಪ್ಪಿಗೆ ಪಡೆದ ಔಷಧಿ. ಮೂತ್ರ ನಿಂತ ರೋಗಿಯಲ್ಲಿ ಮೂತ್ರದ ಆಕ್ಸಲೇಟ್ ನೋಡುವಂತಿಲ್ಲ, ರಕ್ತದ ಆಕ್ಸಲೇಟ್ ಮತ್ತು ಜೀನ್ ಎರಡೇ ದಾರಿ.

ಫ್ಯಾಬ್ರಿ (ಕಿಣ್ವವೊಂದು ಕಡಿಮೆಯಾಗಿ ಕೋಶಗಳಲ್ಲಿ ಕೊಬ್ಬು ಸೇರುವ ಕಾಯಿಲೆ): ಗಂಡಸರಲ್ಲಿ ಕಿಣ್ವದ ಪರೀಕ್ಷೆ ಸಾಕು. ಹೆಂಗಸರಲ್ಲಿ ಕಿಣ್ವ ನಾರ್ಮಲ್ ಬಂದರೂ ಕಾಯಿಲೆ ಇರಬಹುದು, ಜಿಎಲ್‌ಎ ಜೀನ್ ನೋಡಲೇಬೇಕು. ಕೊಎನ್‌ಜೈಮ್ ಕ್ಯೂ10 ದಾರಿಯ ಜೀನ್ ಕೆಟ್ಟ ನೆಫ್ರೋಟಿಕ್ ಮಗುವಿಗೆ ಸ್ಟೀರಾಯ್ಡ್ ಕೆಲಸ ಮಾಡುವುದಿಲ್ಲ, ಕ್ಯೂ10 ಬೇಗ ಶುರು ಮಾಡಿದರೆ ಮಾಡಬಹುದು.

ಕಾವೇರಿಕಡೆ

ರಿಪೋರ್ಟ್ ಓದುವುದು ಹೇಗೆ? ಮೊದಲ ಪುಟದಲ್ಲಿ "ವಿಯುಎಸ್" ಎಂದಿರುತ್ತದೆ, ಮನೆಯವರು ಅದನ್ನೇ ಪಾಸಿಟಿವ್ ಎಂದುಕೊಂಡು ಅಳುತ್ತಾ ಬರುತ್ತಾರೆ.

ಜೀನ್‌ಮಾತು

ಅಮೆರಿಕದ ವೈದ್ಯಕೀಯ ಜೆನೆಟಿಕ್ಸ್ ಸಂಸ್ಥೆಯಾದ ಎಸಿಎಂಜಿಯ 2015ರ ಪದ್ಧತಿಯಲ್ಲಿ ಐದು ಮೆಟ್ಟಿಲು: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ. "ಬಹುಶಃ ರೋಗಕಾರಕ" ಅನ್ನಲು ಶೇ 90ಕ್ಕಿಂತ ಹೆಚ್ಚು ಖಾತರಿ ಬೇಕು. ವಿಯುಎಸ್ ಅಂದರೆ ನಡುವಿನದು, ಅರ್ಥ ಅನಿಶ್ಚಿತ. ಅದರ ಮೇಲೆ ದಾನಿಯನ್ನು ಬೇಡವೆನ್ನುವುದೂ ತಪ್ಪು, ಔಷಧಿ ಬದಲಿಸುವುದೂ ತಪ್ಪು. ನಮ್ಮವರ ಜೀನ್ ದತ್ತಾಂಶ ಜಗತ್ತಿನ ಕೋಶಗಳಲ್ಲಿ ಕಡಿಮೆ ಇರುವುದರಿಂದ ನಮಗೆ ವಿಯುಎಸ್ ಹೆಚ್ಚು ಬರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದ ಜೀನೋಮ್‌ಇಂಡಿಯಾ ಯೋಜನೆ 10,000 ಜನರ ಜೀನೋಮ್ ಓದಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆರೋಗ್ಯವಂತ ಭಾರತೀಯರಲ್ಲಿ ಒಂದು ವೇರಿಯಂಟ್ ಮತ್ತೆ ಮತ್ತೆ ಕಂಡರೆ ಅದರ ಮೇಲಿನ ಅನುಮಾನ ಇಳಿಯುತ್ತದೆ.

ವಿಯುಎಸ್ ಬಂದಾಗ ಮಾಡಬೇಕಾದ್ದು ಇದೆ, ಸುಮ್ಮನೆ ಕೂರುವುದಲ್ಲ. ಆಲ್ಪೋರ್ಟ್ ಎಂಬ, ಕಿಡ್ನಿ, ಕಿವಿ, ಕಣ್ಣಿಗೆ ಬರುವ ಕಾಯಿಲೆಯ ಕಾಲ್4ಎ5 ಜೀನ್‌ನಲ್ಲಿ ಗ್ಲೈಸಿನ್ ಬದಲು ಬೇರೆ ಅಮೈನೋ ಆಮ್ಲ ಬಂದಿದೆ ಅನ್ನಿ. ಆ ಕೊಲಾಜನ್ ಮೂರೆಳೆಯ ಹಗ್ಗ, ಪ್ರತಿ ಮೂರನೆಯ ಜಾಗದಲ್ಲಿ ಗ್ಲೈಸಿನ್ ಇರಲೇಬೇಕು. ಅತಿ ಚಿಕ್ಕ ಅಮೈನೋ ಆಮ್ಲ ಅದು, ಹಗ್ಗದ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುವುದು ಅದೊಂದೇ. ಅನುಮಾನಕ್ಕೆ ಇಷ್ಟು ಕಾರಣ ಸಾಕು. ಆಗ ಶ್ರವಣ ಪರೀಕ್ಷೆ, ಸ್ಲಿಟ್ ಲ್ಯಾಂಪ್‌ನಲ್ಲಿ ಕಣ್ಣು, ತಾಯಿಯ ಮೂತ್ರದಲ್ಲಿ ರಕ್ತ, ಹಳೇ ಬಯಾಪ್ಸಿ ಇದ್ದರೆ ಅದರ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ಮತ್ತೆ ನೋಡಿಸಿ. ಆಮೇಲೆ ಕಾಯಿಲೆ ಇರುವ ಮತ್ತು ಇಲ್ಲದ ಸಂಬಂಧಿಕರಲ್ಲಿ ಆ ಒಂದೇ ವೇರಿಯಂಟನ್ನು ಸ್ಯಾಂಗರ್‌ನಲ್ಲಿ ಹುಡುಕಿ. ಬಯಾಪ್ಸಿಯಲ್ಲಿ "ಎಫ್‌ಎಸ್‌ಜಿಎಸ್" (ಕಿಡ್ನಿಯ ಸೋಸುವ ಗಂಟುಗಳಲ್ಲಿ ಕಲೆ) ಎಂದಿದ್ದವರಲ್ಲಿ ಆಲ್ಪೋರ್ಟ್ ಜೀನ್ ಸಿಗುವುದು ಅಪರೂಪವಲ್ಲ.

ಲ್ಯಾಬ್ ಫಾರಂನಲ್ಲಿ "ಸಿಕೆಡಿ" ಎಂದಷ್ಟೇ ಬರೆದು ಕಳಿಸಬೇಡಿ. "34 ವರ್ಷ, ಮೂತ್ರ ಸಪ್ಪೆ, 23ಕ್ಕೆ ಗೌಟ್, ಕಿಡ್ನಿ 8 ಸೆಂ.ಮೀ., ಸೋದರಮಾವ ಡಯಾಲಿಸಿಸ್" ಎಂದು ಬರೆದರೆ ಓದುವವರು ಸರಿಯಾದ ಜೀನ್ ಮುಂದೆ ನಿಲ್ಲುತ್ತಾರೆ. ಸಹಿ ಹಾಕುವ ಮೊದಲು ಎರಡು ಮಾತು ಮನೆಯವರಿಗೆ ತಿಳಿಸಿ. ಕಿಡ್ನಿಗೆ ಸಂಬಂಧವಿಲ್ಲದ ಕ್ಯಾನ್ಸರ್, ಹೃದಯದ ಜೀನ್‌ಗಳ ದೋಷ ಕಂಡರೆ ಹೇಳಬೇಕೇ ಬೇಡವೇ ಎಂದು ಫಾರಂನಲ್ಲೇ ಆರಿಸಬೇಕು. ಮತ್ತೆ, ತಂದೆ-ತಾಯಿ-ಮಗು ಮೂವರ ಸ್ಯಾಂಪಲ್ ಒಟ್ಟಿಗೆ ಓದಿದಾಗ ಯಾರು ಯಾರ ಮಗು ಎಂಬುದೂ ಹೊರಬೀಳಬಹುದು. ಈ ಮಾತನ್ನು ಒಬ್ಬೊಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಆಡಿ.

ನೆಗೆಟಿವ್ ಬಂದವರು ಲ್ಯಾಬಿನಿಂದ ಫಾಸ್ಟ್‌ಕ್ಯೂ ಅಥವಾ ಬ್ಯಾಮ್ ಫೈಲ್ (ಯಂತ್ರ ಓದಿದ ಮೂಲ ಡೇಟಾ) ಕೇಳಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಒಂದೆರಡು ವರ್ಷ ಬಿಟ್ಟು ಮತ್ತೆ ಓದಿಸಿದರೆ ಹೊಸ ಜೀನ್ ಸೇರಿರುತ್ತವೆ, ಹೊಸ ರಕ್ತ ಬೇಕಾಗುವುದಿಲ್ಲ.

ಮಲೆನಾಡ_ಓದುಗ

ಹಣದ ವಿಷಯ ನಾನು ಬರೆಯುತ್ತೇನೆ. ರಾಷ್ಟ್ರೀಯ ಅಪರೂಪ ಕಾಯಿಲೆ ನೀತಿ, 2021ರ ಅಡಿ ಗುರುತಿಸಿದ ಕಾಯಿಲೆಗಳಿಗೆ ₹50 ಲಕ್ಷದವರೆಗೆ ನೆರವು ಇದೆ. ಅದು ಉತ್ಕೃಷ್ಟತಾ ಕೇಂದ್ರಗಳ ಮೂಲಕವೇ ಹೋಗಬೇಕು, ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಆಸ್ಪತ್ರೆಯ ಜೊತೆ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಫ್ಯಾಬ್ರಿ ಆ ಪಟ್ಟಿಯಲ್ಲಿದೆ. ಖಚಿತವಾದ ಜೀನ್ ರಿಪೋರ್ಟ್ ಕೈಯಲ್ಲಿದ್ದರೆ ಅರ್ಜಿಗೆ ಬಲ.

ವಿಮೆ: ಅಮೆರಿಕದಲ್ಲಿ ಜೀನ್ ತಾರತಮ್ಯ ತಡೆಯುವ 2008ರ ಜಿನಾ ಕಾನೂನಿದೆ, ನಮ್ಮಲ್ಲಿ ಜೀನ್ ತಾರತಮ್ಯಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. ಆರೋಗ್ಯ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರಿಂದ ಗರಿಷ್ಠ 36 ತಿಂಗಳು. ಅರ್ಜಿಯಲ್ಲಿ ಕೇಳಿದ್ದಕ್ಕೆ ನಿಜ ಬರೆಯಿರಿ, ಮುಚ್ಚಿಟ್ಟರೆ ಕ್ಲೇಮ್ ಹೋಗುವುದು ಆಗಲೇ.

ಕಾವೇರಿಕಡೆ

ತಂಗಿ ಮತ್ತು ಸೋದರಮಾವನ ಮಕ್ಕಳು? ಹೆಂಡತಿಯ ರಕ್ತದ ಗುಂಪು ಹೊಂದದಿದ್ದರೆ?

ನೆಫ್ರಾನ್_ಮೈಸೂರು

ಹೆಂಡತಿ ಅದಲುಬದಲು ದಾನಕ್ಕೆ (ಹೊಂದದ ಎರಡು ಜೋಡಿಗಳು ದಾನಿಗಳನ್ನು ಬದಲಿಸಿಕೊಳ್ಳುವುದು) ಹೋಗಬಹುದು, ಅಂಗಾಂಗ ಕಸಿ ಕಾನೂನಿನ 2011ರ ತಿದ್ದುಪಡಿ ಅದಕ್ಕೆ ದಾರಿ ಮಾಡಿದೆ. ಜೊತೆಗೇ ಕರ್ನಾಟಕದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ರೋಗಿಯ ಹೆಸರು ನೋಂದಾಯಿಸಿ, ಎರಡೂ ಒಟ್ಟಿಗೆ ನಡೆಯಲಿ. ತಂಗಿ ದಾನಿಯಾಗುವ ಮಾತಿದ್ದರೆ ಅಣ್ಣನ ವೇರಿಯಂಟ್ ಸಿಕ್ಕ ಮೇಲೆ, ಅದು ಅವಳಲ್ಲಿ ಇಲ್ಲವೆಂದು ಖಚಿತವಾದ ಮೇಲೆ ಮಾತ್ರ. ಕ್ರಿಯಾಟಿನಿನ್ 0.9 ಒಂದನ್ನೇ ನಂಬಬೇಡಿ.

ಜೀನ್‌ಮಾತು

ತಂಗಿಗೂ, ಮಾವನ ಪ್ರತಿ ಮಗುವಿಗೂ ಶೇ 50. ಮಾವ ತೀರಿಕೊಂಡಿರುವುದರಿಂದ ಅವರ ಮಕ್ಕಳಿಗೆ ನೇರ ಪರೀಕ್ಷೆಯೇ ದಾರಿ. 18 ತುಂಬದವರಿಗೆ ಈ ಕಾಯಿಲೆಗೆ ಮುಂಚೆಯೇ ಪರೀಕ್ಷೆ ಮಾಡುವುದು ಬೇಡ. ಈಗ ಕೊಡುವ ಚಿಕಿತ್ಸೆ ಏನೂ ಇಲ್ಲ, ದೊಡ್ಡವರಾದ ಮೇಲೆ ಅವರೇ ತೀರ್ಮಾನಿಸಲಿ. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಯೂರಿಕ್ ಆಸಿಡ್ ಸಾಕು.

ರೋಗಿಯ ಬಾಯಿಂದ ಸಂಬಂಧಿಕರಿಗೆ ಸುದ್ದಿ ಹೋದರೆ "ಅವನಿಗೇನೋ ಜೀನ್ ಅಂತೆ" ಎಂಬಲ್ಲಿಗೆ ನಿಲ್ಲುತ್ತದೆ. ಕನ್ನಡದಲ್ಲಿ ಒಂದು ಪತ್ರ ಬರೆದು ರೋಗಿಯ ಕೈಗೆ ಕೊಡಿ, ಹಂಚುವುದು ಬಿಡುವುದು ಅವರ ಇಷ್ಟ. ಒಕ್ಕಣೆ ಹೀಗಿರಲಿ, ಬಳಸಿಕೊಳ್ಳಿ:

"ನಮ್ಮ ಮನೆಯಲ್ಲಿ ಕಿಡ್ನಿ ನಿಧಾನವಾಗಿ ಸೋಲುವ ಕಾಯಿಲೆ ಇದೆ, ಅದಕ್ಕೆ ಕಾರಣವಾದ ಜೀನ್ ಯಾವುದೆಂದು ಗೊತ್ತಾಗಿದೆ. ಜೀನ್‌ನ ಹೆಸರು, ವೇರಿಯಂಟ್, ಲ್ಯಾಬ್, ರಿಪೋರ್ಟ್ ಸಂಖ್ಯೆ, ಪರೀಕ್ಷೆಯ ವಿಧಾನ ಕೆಳಗಿವೆ. ನಿಮಗೂ ಇದು ಬಂದಿರಬಹುದು, ಬರದೆಯೂ ಇರಬಹುದು. ಇದು ಯಾರ ತಪ್ಪೂ ಅಲ್ಲ, ಅಂಟುವುದೂ ಇಲ್ಲ. ತಿಳಿದುಕೊಳ್ಳಬೇಕೆಂದಿದ್ದರೆ ಈ ಪತ್ರವನ್ನು ಕಿಡ್ನಿ ಡಾಕ್ಟರಿಗೆ ತೋರಿಸಿ, ಈ ಒಂದು ವೇರಿಯಂಟ್ ಮಾತ್ರ ನೋಡಿದರೆ ಸಾಕು ಎಂದು ಕೇಳಿ. ಪರೀಕ್ಷೆ ಬೇಡವೆನಿಸಿದರೂ ಪತ್ರ ತೆಗೆದಿಡಿ. ಯಾವತ್ತಾದರೂ ಯಾರಿಗಾದರೂ ಕಿಡ್ನಿ ಕೊಡಲು ಮುಂದಾದರೆ, ಸಹಿ ಹಾಕುವ ಮೊದಲು ಇದನ್ನು ತೋರಿಸಿ."